ಕಾಲುವೆ ಬೀದಿಯ ಸ್ವಿಚ್ಚು

ನಮ್ಮೂರಲ್ಲಿ ಮನುಷ್ಯರ ದನಿ ಹೊಸಿಲು ದಾಟುವುದಿಲ್ಲ. ಒಳಗೆ ಎಷ್ಟು ಬೇಕಾದರೂ ಕಿರುಚಿ, ಜಗಳವಾಡಿ, ಜೋಗುಳ ಹಾಡಿ, ಯಾರೂ ಬೇಡ ಅನ್ನುವುದಿಲ್ಲ. ಬಾಗಿಲಾಚೆ ಕಾಲಿಟ್ಟಿರೋ, ತುಟಿ ಆಡುತ್ತದೆ, ಮಾತು ಬರುವುದಿಲ್ಲ. ಹೂವಿನವಳು ಬೀದಿಯಲ್ಲಿ ತಟ್ಟೆ ಬಡಿಯುತ್ತಾಳೆ, ಸೊಪ್ಪಿನವನು ಸೈಕಲ್ ಬೆಲ್ ಒತ್ತುತ್ತಾನೆ, ಗಂಡಸರು ಕಟ್ಟೆಯ ಮೇಲೆ ಕೂತು ಕೈಸನ್ನೆಯಲ್ಲೇ ರಾಜಕೀಯ ಮಾಡುತ್ತಾರೆ. ಅತ್ತೆಯ ಜೊತೆ ಸಂತೆಗೆ ಹೋಗುವ ಸೊಸೆಯರು ಇದಕ್ಕಿಂತ ಸುಖ ಇನ್ನೇನಿದೆ ಅನ್ನುತ್ತಾರೆ. ನನಗೆ ಮಾತ್ರ ಇದು ದೇವರು ಮಾಡಿದ ಮೋಸ ಅಂತಲೇ ಅನ್ನಿಸುತ್ತದೆ. ನನ್ನ ನಾಲಿಗೆ ಸ್ವಲ್ಪ ಉದ್ದ. ಬೀದಿಗೆ ಬಂದರೆ ಅದು ದಂಡ.

ಮನೆಯಿಂದ ಮನೆಗೆ ಮಾತು ಹೋಗಬೇಕಾದರೆ ತಂತಿಯೇ ಗತಿ. ಪ್ರತಿ ಮನೆಯ ಗೋಡೆಗೂ ಒಂದು ಮಾತಿನ ಪೆಟ್ಟಿಗೆ, ಅದಕ್ಕೊಂದು ತಂತಿ, ಆ ತಂತಿಗಳೆಲ್ಲ ಹೋಗಿ ಸೇರುವುದು ಕಾಲುವೆ ಪಕ್ಕದ ಸ್ವಿಚ್ಚಿನ ಮನೆಗೆ. ಮಾತಾಡುವವರು ಮೊದಲು ತಮ್ಮ ಮನೆಯ ಹೆಸರು ಹೇಳಬೇಕು, ಆಮೇಲೆ ಯಾರ ಮನೆಗೆ ಅನ್ನುವುದು, ಆಮೇಲೆ ಸಮಾಚಾರ. ಸ್ವಿಚ್ಚು ಹೆಸರು ನೋಡಿಕೊಂಡು ಸರಿಯಾದ ತಂತಿಗೆ ದಾಟಿಸುತ್ತದೆ. ನಮ್ಮ ಹಳೆಯ ಸ್ವಿಚ್ಚಿಗೆ ಒಂದು ಗುಣವಿತ್ತು. ಹೆಸರಿಲ್ಲದ ಮಾತು ಬಂದರೆ ಅದನ್ನು ಬೀದಿಯ ಅಷ್ಟೂ ಮನೆಗೆ ಕಳಿಸಿಬಿಡುತ್ತಿತ್ತು. ಅದು ಯಾರದ್ದೋ ಅವರು "ನಮ್ದು" ಅನ್ನಬೇಕು. ಅಂದ ಕೂಡಲೇ ಉಳಿದವರ ಪೆಟ್ಟಿಗೆಗಳು ಸುಮ್ಮನಾಗುತ್ತಿದ್ದವು.

ಆ ಒಂದು ಮಾತಿಗೆ ನಮ್ಮಲ್ಲಿ ತಾಳಿಯಷ್ಟು ಬೆಲೆ. ಮಗು ಹುಟ್ಟಿದಾಗ ಸೂಲಗಿತ್ತಿ ಅದನ್ನು ಪೆಟ್ಟಿಗೆಯ ಹತ್ತಿರ ಹಿಡಿಯುತ್ತಾಳೆ. ಹಸುಗೂಸಿನ ಅಳುವಿಗೆ ಹೆಸರೆಲ್ಲಿಂದ ಬರಬೇಕು? ಅದು ಬೀದಿಯ ಎಲ್ಲ ಮನೆಯಲ್ಲೂ ಕೇಳುತ್ತದೆ. ಆಗ ಅಪ್ಪನ ಮನೆಯವರೋ ತಾಯಿಯ ತವರಿನವರೋ "ನಮ್ದು" ಅಂದರೆ ಮಗುವಿಗೆ ಮನೆ ಸಿಕ್ಕಿತು ಅಂತ ಲೆಕ್ಕ. ನನ್ನ ದೊಡ್ಡವನು ಹುಟ್ಟಿದಾಗ ನಮ್ಮ ಮಾವ ಅದೆಷ್ಟು ಜೋರಾಗಿ ಅಂದರೆಂದರೆ ಪೆಟ್ಟಿಗೆಯ ಮುಚ್ಚಳವೇ ಕಳಚಿ ಬಿದ್ದಿತ್ತು. ಒಮ್ಮೆ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ಬೀದಿಗೆ ಬೀದಿಯೇ ಸಾಕ್ಷಿ.

ನಮ್ಮ ಪಕ್ಕದ್ದೇ ಗಾಣದ ಮನೆ. ರಾಚಪ್ಪಣ್ಣ, ಪುಟ್ಟತಾಯಕ್ಕ, ಅವರಿಗೊಬ್ಬಳೇ ಮಗಳು ಕುಸುಮಾ. ಆ ಹುಡುಗಿ ಕಾಲುವೆ ಆಚೆಯ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಬಂದಿದ್ದ ಸೆಲ್ವನನ್ನು ಮೆಚ್ಚಿ ಅವನ ಹಿಂದೆ ಹೋದಳು. ಎಲ್ಲಿಯವನೋ, ಯಾರವನೋ, ನಮ್ಮೂರಲ್ಲಿ ಅವನಿಗೊಂದು ಮನೆಯ ಹೆಸರಿರಲಿಲ್ಲ. ವರ್ಷ ತಿರುಗುವಷ್ಟರಲ್ಲಿ ಒಂದು ಮಧ್ಯಾಹ್ನ ಎಲ್ಲರ ಪೆಟ್ಟಿಗೆಯಲ್ಲೂ ಹಸುಗೂಸಿನ ಅಳು ಕೇಳಿಸಿತು. ನಾನು ಬಟ್ಟೆ ಹೊಲಿಯುತ್ತಿದ್ದವಳು ಮೆಷಿನ್ ನಿಲ್ಲಿಸಿದೆ. ಯಾರೂ ಏನೂ ಅನ್ನಲಿಲ್ಲ. ಕೂಸು ಅತ್ತೂ ಅತ್ತೂ ಬಿಕ್ಕಳಿಸಿತು. ಗಾಣದ ಮನೆಯಿಂದ ಮಾತು ಹೊರಡಲಿಲ್ಲ. ಪುಟ್ಟತಾಯಕ್ಕ ಬಾಯಿ ತೆರೆದಳಂತೆ, ರಾಚಪ್ಪಣ್ಣ ಅಡ್ಡ ನಿಂತು, "ಆ ಮಾತು ನಿನ್ ಬಾಯಿಂದ ಬಂದ್ ದಿನ ನಾನು ಈ ಹೊಸಿಲು ತುಳಿಯಲ್ಲ" ಅಂದನಂತೆ. ಹೊಸಿಲಾಚೆ ಗಂಡ, ಈಚೆ ಹೆಂಡತಿ ಅಂದರೆ ನಮ್ಮೂರಲ್ಲಿ ಇನ್ನು ಸಾಯುವ ತನಕ ಒಂದು ಮಾತಿಲ್ಲ ಅಂತ. ಅವಳು ಬಾಯಿ ಮುಚ್ಚಿಕೊಂಡಳು.

ಹೋಗಿ ಮಗಳನ್ನು ನೋಡಿ ಬರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೊರಗೆ ಸಿಕ್ಕರೆ ದನಿಯಿಲ್ಲ. ಅವಳ ಹೊಸಿಲು ದಾಟಿದರೆ ತನ್ನ ಹೊಸಿಲು ಇಲ್ಲ. ಹೆಣ್ಣುಮಗಳು ಎಲ್ಲಿಗೆ ಹೋಗಬೇಕು, ಹೇಳಿ.

ಆದರೆ ಕುಸುಮಾ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗೂಡಿನ ಶೆಡ್ಡಿನಲ್ಲಿದ್ದ ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದಳು. ಗಾಣದ ಮನೆ ಅನ್ನುವ ಹಕ್ಕು ಹೋಗಿತ್ತಲ್ಲ, ಆ ಹೆಸರನ್ನು ಅವಳು ಒಂದು ದಿನವೂ ಬಾಯಿಗೆ ತರಲಿಲ್ಲ. ಅಪ್ಪನ ಹಟವೇ ಮಗಳಿಗೂ ಬಂದಿತ್ತು. "ನಾನು" ಅಂತ ಶುರು ಮಾಡುತ್ತಿದ್ದಳು, ಅಷ್ಟೇ. "ನಾನು. ಚೆನ್ನಾಗಿದೀನಿ. ಮಗು ಈಗ ಕೂತ್ಕೊಳ್ಳತ್ತೆ." ಇನ್ನೊಂದು ದಿನ, "ನಾನು. ಇವತ್ತು ಉಪ್ಸಾರು ಮಾಡಿದ್ದೆ, ಖಾರ ಜಾಸ್ತಿ ಆಯ್ತು." ಹೆಸರಿಲ್ಲದ ಮಾತು, ಎಲ್ಲ ಮನೆಗೂ ಬರುತ್ತಿತ್ತು. ನಾವೆಲ್ಲ ಒಲೆ ಮುಂದೆ ಕೂತು ಕೇಳುತ್ತಿದ್ದೆವು. ರಾಚಪ್ಪಣ್ಣ ಆ ಹೊತ್ತಿಗೆ ಎದ್ದು ಜಗಲಿಗೆ ಹೋಗಿಬಿಡುತ್ತಿದ್ದ, ಅಲ್ಲಿಗೆ ಮಾತು ಕೇಳುವುದಿಲ್ಲವಲ್ಲ. ಅವನು ಹೊರಗೆ ಹೋದ ಮೇಲೆ ಪುಟ್ಟತಾಯಕ್ಕ ಪೆಟ್ಟಿಗೆಯ ಹತ್ತಿರ ಕೈ ಒಯ್ದು ಬಳೆ ಅಲುಗಾಡಿಸುತ್ತಿದ್ದಳು. ಘಲ್ ಅಂತ ಒಂದೇ ಸದ್ದು. ಅವಳು ಮಾತಾಡಿಲ್ಲ, ಆಣೆ ಮುರಿದಿಲ್ಲ. ಆ ಸದ್ದು ಕೇಳಿದ ಮೇಲೆ ಕುಸುಮಾ, "ಹ್ಞೂಂ, ಬರ್ತೀನಿ" ಅಂತ ಇಟ್ಟುಬಿಡುತ್ತಿದ್ದಳು. ಇಡೀ ಬೀದಿಗೆ ಗೊತ್ತಿತ್ತು, ಒಬ್ಬರೂ ರಾಚಪ್ಪಣ್ಣನ ಕಿವಿಗೆ ಹಾಕಲಿಲ್ಲ. ನಾನೂ ಹಾಕಲಿಲ್ಲ ಅಂದ ಮೇಲೆ ನೀವೇ ತಿಳಿದುಕೊಳ್ಳಿ.

ಹೀಗಿರುವಾಗ ಹೊಸ ಸ್ವಿಚ್ಚು ಬರುತ್ತದೆ ಅಂತ ಸುದ್ದಿಯಾಯಿತು. ಊರು ಬೆಳೆದಿತ್ತು, ತಂತಿ ಹೆಚ್ಚಿತ್ತು, ಹಳೆಯದು ಎಲ್ಲವನ್ನೂ ಎಲ್ಲರಿಗೂ ಕಳಿಸಿ ಕಳಿಸಿ ಉಬ್ಬಸ ಬಂದವರ ಹಾಗೆ ಏದುತ್ತಿತ್ತು. ಹೊಸದಕ್ಕೆ ತಾನಾಗಿ ಏನೂ ಗೊತ್ತಿರುವುದಿಲ್ಲ, ಬೀದಿಗೊಬ್ಬರು ಬಂದು ಕಲಿತು ಅದಕ್ಕೆ ಕಲಿಸಬೇಕು ಅಂದರು. ನಮ್ಮ ಬೀದಿಯಿಂದ ಯಾರು ಅಂತ ಗಂಡಸರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಪುಟ್ಟತಾಯಕ್ಕ ಹೋಗಿ ಹೆಸರು ಕೊಟ್ಟು ಬಂದಿದ್ದಳು. "ನಿಂಗ್ಯಾಕಕ್ಕ ಈ ವಯಸ್ಸಲ್ಲಿ?" ಅಂದೆ. ಒಳಗೆ ಕರೆದು ಬಾಗಿಲು ಹಾಕಿಕೊಂಡಳು. "ಸೌಂದ್ರಿ, ಬರ್ದಂಗೆ ನಡ್ಕೊಳ್ಳುತ್ತಂತೆ ಕಣೆ ಅದು. ಬಾಯಲ್ಲಿ ಅನ್ನಬಾರ್ದು ಅಂತ ತಾನೆ ಅವರು ಹೇಳಿರೋದು? ಕೈಯಲ್ಲಿ ಬರೀಬಾರ್ದು ಅಂತ ಹೇಳಿಲ್ವಲ್ಲ." ಅವಳೊಬ್ಬಳೇ ಹೋಗುವುದು ಬೇಡ ಅಂತ ನಾನೂ ಜೊತೆಗೆ ಹೊರಟೆ.

ಶಾಲೆಯ ಮಹಡಿಯ ಕೋಣೆಯಲ್ಲಿ ಪಾಠ. ಹೇಳಿಕೊಡಲು ಹೊರಗಿನಿಂದ ಫ್ಲೋರಿನ್ ಮೇಡಂ ಬಂದಿದ್ದರು, ತೆಳ್ಳಗಿನ ಹೆಂಗಸು, ತಾಳ್ಮೆ ಮಾತ್ರ ಭೂಮಿ ತೂಕದ್ದು. ಮೇಜಿನ ಮೇಲೆ ಚಪ್ಪಟೆಯ ಕರಿ ಪೆಟ್ಟಿಗೆ, ಮುಂದೆ ಸಾಲಾಗಿ ತೂತು, ತೂತಿಗೊಂದು ಹಸಿರು ದೀಪ. "ಇದು ಹುಟ್ಟಿದ ಮಗು ಇದ್ದಂಗೆ. ಮಾತಿನ ತಲೆ ಯಾವುದು, ಹೊಟ್ಟೆ ಯಾವುದು ಅಂತಾನೂ ಇದಕ್ಕೆ ಗೊತ್ತಿಲ್ಲ, ನೀವೇ ಹೇಳ್ಬೇಕು. ತಲೆಯಲ್ಲಿ ಮೊದಲು ಏನು ಓದಬೇಕು, ಆಮೇಲೆ ಏನು ಓದಬೇಕು, ಅದು ಮೊದಲ್ನೇ ಪಾಠ" ಅಂದರು. ತಲೆಯಲ್ಲಿರುವ ಹೆಸರನ್ನಷ್ಟೇ ಓದುತ್ತದಂತೆ, ಹೊಟ್ಟೆಯೊಳಗಿನ ಸಮಾಚಾರವನ್ನು ನೋಡುವುದಿಲ್ಲವಂತೆ. ಅಳುತ್ತಿದ್ದಾರೋ ನಗುತ್ತಿದ್ದಾರೋ ಅದಕ್ಕೆ ಸಂಬಂಧವಿಲ್ಲ. ಎರಡನೆಯದು ಸಾಲು ಬರೆಯುವುದು. ಒಂದೊಂದು ಸಾಲಿಗೂ ಎರಡು ಭಾಗ, ಇಂಥದ್ದು ಕಂಡರೆ, ಇಂಥದ್ದು ಮಾಡು. ಅಕ್ಕಸಾಲೆ ಮನೆಗೆ ಅಂತ ಕಂಡರೆ ಈ ತೂತಿಗೆ ಕಳಿಸು. ನಾನು ಎರಡು ವಾರದಲ್ಲೇ ಸೋತು, ಹೊಲಿಗೆ ತಂದು ಹಿಂದಿನ ಬೆಂಚಿನಲ್ಲಿ ಕೂತೆ. ಪುಟ್ಟತಾಯಕ್ಕ ಕೂಡ ಒದ್ದಾಡಿದಳು. ಒಂದು ಅಲ್ಪವಿರಾಮ ಬಿಟ್ಟರೆ ಪೆಟ್ಟಿಗೆ ಮುಷ್ಕರ ಹೂಡುತ್ತಿತ್ತು. "ಮುಂಡೇದು, ನಮ್ಮತ್ತೆಗಿಂತ ಕಡೆ" ಅಂತ ಬೈದು ಮತ್ತೆ ಬರೆಯುತ್ತಿದ್ದಳು.

ಕೊನೆಯ ಸಾಲಿನ ಪಾಠ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಯಾವ ಸಾಲಿಗೂ ಹೊಂದದ್ದು ಬಂದರೆ ಏನು ಮಾಡಬೇಕು ಅಂತ ಎಲ್ಲಕ್ಕಿಂತ ಕೆಳಗೆ ಬರೆಯಬೇಕು. ಅಲ್ಲಿ ಎಲ್ಲ ಬೀದಿಯವರೂ ಒಂದೇ ಬರೆಯಬೇಕು ಅಂತ ಊರಿನ ತೀರ್ಮಾನ: ಬಿಸಾಡು. ಪುಟ್ಟತಾಯಕ್ಕ ಶಾಲೆ ಹುಡುಗಿಯ ಹಾಗೆ ಕೈಯೆತ್ತಿದಳು. "ಬಿಸಾಡೋದು ಅಂದ್ರೆ ಎಲ್ಲಿಗೆ ಮೇಡಂ?" "ಎಲ್ಲಿಗೂ ಇಲ್ಲಮ್ಮ." "ಮಾತಾಡ್ದೋರಿಗೆ ಗೊತ್ತಾಗುತ್ತಾ?" "ಇಲ್ಲ. ಆ ಕಡೆ ಏನೂ ಕೇಳ್ಸಲ್ಲ, ಅಷ್ಟೇ." ಅಕ್ಕ ಕೈಯಿಳಿಸಿದಳು. ಅವತ್ತು ಮನೆ ತನಕ ನನ್ನ ಕೈ ಹಿಡಿದುಕೊಂಡೇ ಬಂದಳು.

ಮನೆಯಲ್ಲಿ ಅವಳ ಅಭ್ಯಾಸಕ್ಕೆ ಸಿಕ್ಕಿದವನು ರಾಚಪ್ಪಣ್ಣ. ಊಟಕ್ಕೆ ಕೂತವನನ್ನು "ಯಾರ ಮನೆಯಿಂದ? ಯಾರ ಮನೆಗೆ?" ಅಂತ ಕೇಳುವುದು, ಅವನು "ಅನ್ನದಿಂದ ಹೊಟ್ಟೆಗೆ ಕಣಮ್ಮಾ, ಸಾರು ಹಾಕು" ಅನ್ನುವುದು. ಮಗಳು ಹೋದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಆವಾಗಲೇ. ಹೆಂಡತಿ ಇಷ್ಟೆಲ್ಲ ಯಾಕೆ ಕಲಿಯುತ್ತಿದ್ದಾಳೆ ಅಂತ ಅವನಿಗೆ ತಿಳಿದಿತ್ತು ಅಂತಲೇ ನನ್ನ ಅನುಮಾನ. ಕೇಳಲಿಲ್ಲ, ತಡೆಯಲೂ ಇಲ್ಲ.

ನಮ್ಮ ಬೀದಿಯ ಸಾಲುಗಳನ್ನು ಬರೆಯುವ ದಿನ ಬಂತು. ಪುಟ್ಟತಾಯಕ್ಕ ತಲೆಗೆ ನೀರು ಹಾಕಿಕೊಂಡು ಸ್ವಿಚ್ಚಿನ ಮನೆಗೆ ಬಂದಳು. ಒಂದೊಂದೇ ಮನೆ ಬರೆದಳು, ನಮ್ಮದೂ ಬರೆದಳು. ಕೊನೆಯ ಸಾಲಿಗೆ ಮುಂಚೆ ಬೆರಳು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬರೆದಳು. ಗಾಣದ ಮನೆಯ ಕುಸುಮಾ ಅಂತ ಕಂಡರೆ, ಗಾಣದ ಮನೆಗೆ ಕಳಿಸು. ನಾನು ಹಿಂದೆ ನಿಂತು ಓದಿದೆ, ಕಣ್ಣು ತುಂಬಿ ಅಕ್ಷರವೇ ಕಾಣಲಿಲ್ಲ. ಆ ಮನೆಯಿಂದ ಯಾರೂ ಬಾಯಲ್ಲಿ ಅನ್ನಲಾರದ್ದನ್ನು ಅವಳು ಬರೆದೇ ಬಿಟ್ಟಿದ್ದಳು, ಮಗಳ ಹೆಸರಿಗೆ ಮನೆಯ ಹೆಸರನ್ನು ಮತ್ತೆ ಹೊಲಿದಿದ್ದಳು. ಸರಿಯಾಗಿದೆಯೋ ಇಲ್ಲವೋ ನೋಡೋಣ ಅಂತ ಮೇಡಂ ನನ್ನ ಕೈಗೆ ಒಂದು ತಂತಿ ಕೊಟ್ಟರು. "ಗಾಣದ ಮನೆಯ ಕುಸುಮಾ" ಅಂದೆ. ಅಕ್ಕ ತನ್ನ ಮನೆಗೆ ಓಡಿದಳು, ನಾನು ಮತ್ತೆ ಅಂದೆ, ಅವಳ ಪೆಟ್ಟಿಗೆಯಲ್ಲಿ ಕೇಳಿಸಿತು. ವಾಪಸ್ಸು ಬಂದವಳು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಇಬ್ಬರೂ ಜಾಣೆಯರು ಅಂದುಕೊಂಡೆವು. ಬರುವುದನ್ನು ಬರೆಯಿರಿ, ಬರಬೇಕಾದದ್ದನ್ನಲ್ಲ ಅಂತ ಮೇಡಂ ಪಾಠದಲ್ಲಿ ಹೇಳಿದ್ದರು. ಹೆಸರಿಲ್ಲದವಳು ಅಂತ ತನ್ನ ಮಗಳನ್ನು ಬರೆಯಲು ನಮ್ಮೂರಿನ ಯಾವ ತಾಯಿಗೆ ಕೈ ಬಂದೀತು?

ಹೊಸ ಸ್ವಿಚ್ಚು ಶುರುವಾದ ಸಂಜೆ ಪುಟ್ಟತಾಯಕ್ಕ ಹಸಿರು ಬಳೆ ತೊಟ್ಟು ಪೆಟ್ಟಿಗೆಯ ಮುಂದೆ ಕೂತಳು. ನಾನೂ ಇದ್ದೆ. ರಾಚಪ್ಪಣ್ಣ ಎಂದಿನಂತೆ ಎದ್ದು ಜಗಲಿಗೆ ಹೋದ. ದೀಪ ಹಚ್ಚಿದೆವು. ಪೆಟ್ಟಿಗೆ ಸುಮ್ಮನಿತ್ತು. "ಮಗೂಗೆ ಹುಷಾರಿಲ್ವೇನೋ" ಅಂದಳು. ಮಾರನೆಯ ಸಂಜೆಯೂ ಇಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಬೀದಿಯ ಯಾವ ಮನೆಗೂ ಆ ದನಿ ಬರಲಿಲ್ಲ. ಅಭ್ಯಾಸ ನೋಡಿ, ಸಾರಿಗೆ ಒಗ್ಗರಣೆ ಹಾಕುವಾಗ ನನ್ನ ಕಿವಿ ತಾನಾಗಿ ಗೋಡೆ ಕಡೆ ಹೋಗುತ್ತಿತ್ತು. "ನನ್ ಮೇಲೆ ಮುನಿಸ್ಕೊಂಡ್ಳು ಸೌಂದ್ರಿ. ಎಷ್ಟು ದಿನ ಅಂತ ಒಬ್ಳೇ ಮಾತಾಡ್ತಾಳೆ? ಬಳೆ ಸದ್ದು ಉಂಡ್ರೆ ಹೊಟ್ಟೆ ತುಂಬುತ್ತಾ?" ಅಂತ ಅಕ್ಕ ಅತ್ತಳು. ರಾಚಪ್ಪಣ್ಣ ಜಗಲಿಯಿಂದ ಬೇಗ ಬೇಗ ಒಳಗೆ ಬರತೊಡಗಿದ. ಒಂದು ದಿನ ಹೆಗಲ ಮೇಲಿನ ಟವಲು ಕೊಡವುತ್ತ, ಯಾರನ್ನೂ ನೋಡದೆ, "ಇವತ್ತೂ ಬರ್ಲಿಲ್ವಾ?" ಅಂದ. ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. ಬಳೆ ಸದ್ದಿಗೆ ಹೊಸಿಲಿನ ತಡೆಯಿಲ್ಲವಲ್ಲ. ಅಷ್ಟು ದಿನವೂ ಅವನು ಜಗಲಿಯಲ್ಲಿ ಕಾಯುತ್ತ ಕೂತಿದ್ದದ್ದು ಅದು ಮುಗಿಯಲಿ ಅಂತಲ್ಲ, ಅದು ಬಂದಿದೆ ಅನ್ನುವ ಧೈರ್ಯಕ್ಕೆ.

ಸ್ವಿಚ್ಚಿನ ಮನೆಯಲ್ಲಿ ಸಂಜೆಯ ಪಾಳಿ ಪುಟ್ಟತಾಯಕ್ಕನಿಗೆ ಬಂದಾಗ ನಾನೂ ಜೊತೆಗಿದ್ದೆ. ಅಲ್ಲೇ ಮೇಡಂ ಇದ್ದರು. ಪ್ರತಿ ಸಾಲಿನ ಪಕ್ಕದಲ್ಲೂ ಅದು ಎಷ್ಟು ಸಲ ಕೆಲಸ ಮಾಡಿತು ಅನ್ನುವ ಎಣಿಕೆ ಏರುತ್ತಿತ್ತು. ಕುಸುಮಾಳ ಸಾಲಿನ ಮುಂದೆ ನಾವು ಪರೀಕ್ಷೆ ಮಾಡಿದ್ದಷ್ಟೇ. ಹೊರಗೆ ದೀಪ ಹತ್ತಿದವು. ಆಗ ಎಲ್ಲಕ್ಕಿಂತ ಕೆಳಗಿನ ಸಾಲಿನ ಎಣಿಕೆ ಕದಲಿತು, ಒಂದು ಹೆಚ್ಚಾಯಿತು, ನಿಂತಿತು. ಪುಟ್ಟತಾಯಕ್ಕ ಅದನ್ನೇ ನೋಡುತ್ತಿದ್ದಳು. "ಮೇಡಂ, ಈಗ ಬಿಸಾಕಿದ್ದು ಯಾವ ತಂತಿದು ಅಂತ ನೋಡ್ಬೋದಾ?" ಮೇಡಂ ಏನೋ ಒತ್ತಿ ತೋರಿಸಿದರು. ಕಾಲುವೆ ಆಚೆಯ ತಂತಿ, ಇಟ್ಟಿಗೆ ಗೂಡಿನ ಶೆಡ್ಡು. ಮಾತಿನ ತಲೆಯಲ್ಲಿ ಇದ್ದದ್ದು ಒಂದೇ ಪದ: ನಾನು. ಹಿಂದಿನ ಸಂಜೆಯದ್ದನ್ನೂ ತೋರಿಸಿದರು, ಅದರ ಹಿಂದಿನದ್ದನ್ನೂ. ಅದೇ ಹೊತ್ತು, ಅದೇ ತಂತಿ, ಅದೇ ಪದ.

"ಅಯ್ಯೋ ನನ್ನವ್ವಾ" ಅಂದಳು ಪುಟ್ಟತಾಯಕ್ಕ. "ದಿನಾ ಬರ್ತಿದ್ಳು. ನನ್ ಕೈಯಾರೆ ನಾನೇ ಬಿಸಾಕ್ದೆ ಕಣೆ." ಎದೆ ಎದೆ ಬಡಿದುಕೊಂಡಳು. ಮೇಡಂ ಅವಳ ಹೆಗಲು ಹಿಡಿದು, ಬಿಸಾಡಿದ್ದನ್ನು ವಾಪಸ್ಸು ತರಲು ಆಗುವುದಿಲ್ಲ, ಸಾಲು ಮಾತ್ರ ತಿದ್ದಬಹುದು ಅಂದರು. ಅವಳು ಹೊಸ ಸಾಲು ಬರೆದಳು. ಕಾಲುವೆ ಆಚೆಯ ತಂತಿಯಿಂದ ನಾನು ಅಂತ ಕಂಡರೆ, ಗಾಣದ ಮನೆಗೆ ಕಳಿಸು.

ಆಗಲೇ ಗೂಡಿಗೆ ಓಡೋಣ ಅಂದೆ ನಾನು. ಅಕ್ಕ ಬೇಡ ಅಂದಳು. "ಅವರಿಗೆ ಹೇಳ್ತೀನಿ. ಅವರೇ ಅನ್ಲಿ. ಅವರ ಬಾಯಿಂದ ಬರ್ಲಿ ಆ ಮಾತು." ಮನೆಗೆ ಬಂದು ಗಂಡನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು, ಬಳೆಯ ವಿಷಯವನ್ನೂ ಸೇರಿಸಿ. ಮಾರನೆಯ ದಿನ ರಾಚಪ್ಪಣ್ಣ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ದೀಪದ ಹೊತ್ತಿಗೆ ಪೆಟ್ಟಿಗೆಯ ಮುಂದೆ ಮಣೆ ಎಳೆದುಕೊಂಡು ಕೂತ. ಎರಡು ಮೂರು ಸಲ ಕ್ಯಾಕರಿಸಿ ಗಂಟಲು ಸರಿ ಮಾಡಿಕೊಂಡ. ಪುಟ್ಟತಾಯಕ್ಕ ಅವನ ಹಿಂದೆ ನಿಂತಿದ್ದಳು, ನಾನು ಬಾಗಿಲ ಒಳಗೆ. ದೀಪದ ಬತ್ತಿ ಸಣ್ಣಗಾಗಿ ಎಣ್ಣೆ ಹಾಕಿದೆ. ಇನ್ನೊಂದು ಸಲ ಹಾಕಿದೆ. ಪೆಟ್ಟಿಗೆ ಉಸಿರೆತ್ತಲಿಲ್ಲ.

ಬೆಳಗಾಗುವುದಕ್ಕೇ ಕಾದಿದ್ದವರ ಹಾಗೆ ಮೂವರೂ ಕಾಲುವೆ ದಾಟಿದೆವು. ರಾಚಪ್ಪಣ್ಣ ಮುಂದೆ, ನಾವು ಹಿಂದೆ. ಗೂಡು ಆರಿತ್ತು. ಶೆಡ್ಡಿನ ಬಾಗಿಲು ತೆರೆದೇ ಇತ್ತು. ರಾಚಪ್ಪಣ್ಣ ಹೊಸಿಲ ಮುಂದೆ ಒಂದು ಕ್ಷಣ ನಿಂತು, ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಹೋದ. ಒಳಗೆ ಒಬ್ಬ ಹೆಂಗಸು ನೆಲ ಗುಡಿಸುತ್ತಿದ್ದಳು, ಕುಸುಮಾಳ ಪಕ್ಕದ ಶೆಡ್ಡಿನವಳು, ಹೆಸರು ಪೊನ್ನಮ್ಮ. ಗೋಡೆಗೆ ಮಸಿಯಲ್ಲಿ ಮಗುವಿನ ಅಂಗೈ ಗುರುತಿತ್ತು.

"ನೆನ್ನೆ ಬೆಳಿಗ್ಗೆ ಹೋದ್ರಲ್ಲಮ್ಮ" ಅಂದಳು ಪೊನ್ನಮ್ಮ. "ಬೇರೆ ಗೂಡಿಗೆ. ಎಲ್ಲಿ ಅಂತ ಅವ್ರಿಗೇ ಸರಿಯಾಗಿ ಗೊತ್ತಿಲ್ಲ, ಲಾರಿ ಹೋದ ಕಡೆ. ಸೆಲ್ವ ದೀಪಾವಳಿಯಿಂದ ಕರೀತಾನೇ ಇದ್ದ. ಈಕೆನೇ ಬರಲ್ಲ ಅಂತಿದ್ಳು. ನಮ್ಮಮ್ಮನ ಬಳೆ ಕೇಳ್ಸತ್ತೆ ಇಲ್ಲಿ, ನಾನ್ ಬರಲ್ಲ ಅಂತ. ಈಗ ಸ್ವಲ್ಪ ದಿನದಿಂದ ಏನೂ ಕೇಳ್ಸಲ್ಲ ಅಂತ ಪೆಟ್ಟಿಗೆಗೆ ಕಿವಿ ಕೊಟ್ಕೊಂಡು ಕೂತಿರೋಳು. ಮೊನ್ನೆ ಸಂಜೆ ಎದ್ದು ಬಂದು, ಅಮ್ಮನೂ ಬಿಟ್ಬಿಟ್ಳು ಕಣಕ್ಕ ಅಂದ್ಳು. ರಾತ್ರಿನೇ ಗಂಟು ಕಟ್ಟಿದ್ಳು."

ಮೊನ್ನೆ ಸಂಜೆ ಅಂದರೆ ನಾವು ಆ ಎಣಿಕೆ ಕದಲಿದ್ದನ್ನು ನೋಡುತ್ತ ನಿಂತಿದ್ದ ಸಂಜೆ. ಪುಟ್ಟತಾಯಕ್ಕ ಕೂಗಿಕೊಂಡು ಹೊರಗೆ ಓಡಿದಳು. ಹೊಸಿಲು ದಾಟಿದ್ದೇ ಕೂಗು ಇಲ್ಲವಾಯಿತು. ಖಾಲಿ ಗೂಡಿನ ಮುಂದೆ, ಲಾರಿ ಹೋದ ದಾರಿಯ ಕಡೆ ತಿರುಗಿ, ಅವಳು ಬಾಯಿ ತೆರೆದು ಮಗಳನ್ನು ಕರೆಯುತ್ತಲೇ ಇದ್ದಳು. ಅವಳ ಕೈ ಬಳೆ ಮಾತ್ರ ಸದ್ದು ಮಾಡುತ್ತಿತ್ತು.

ಊರಿಗೆ ಬಂದವಳು ಮನೆಗೆ ಹೋಗಲಿಲ್ಲ, ನೇರ ಸ್ವಿಚ್ಚಿನ ಮನೆಗೆ ಹೋದಳು. ನಮ್ಮ ಬೀದಿಯ ಸಾಲುಗಳನ್ನು ತೆಗೆದು ಎಲ್ಲಕ್ಕಿಂತ ಕೆಳಗಿನದನ್ನು ಅಳಿಸಿದಳು. ಬಿಸಾಡು ಅಂತ ಇದ್ದ ಕಡೆ ಗಾಣದ ಮನೆಗೆ ಕಳಿಸು ಅಂತ ಬರೆದಳು. ಮೇಡಂ ನೋಡಿದರು. ಊರಿನ ತೀರ್ಮಾನ ಬೇರೆಯಿತ್ತಲ್ಲ, ಅವರು ಬೇಡ ಅನ್ನಬಹುದಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ಕೋಣೆಯಾಚೆ ಹೋದರು.

ಅವತ್ತಿನಿಂದ ನಮ್ಮ ಬೀದಿಯ ದಿಕ್ಕಿಲ್ಲದ ಮಾತೆಲ್ಲ ಗಾಣದ ಮನೆಗೇ ಬರುತ್ತದೆ. ತನ್ನ ಮನೆಯ ಹೆಸರು ಮರೆತುಹೋಗಿರುವ ಮುದುಕ ಕರಿಬಸಯ್ಯ ಬರುತ್ತಾನೆ, ಕುಡಿದವರು ಬರುತ್ತಾರೆ, ಕೂ ಅಂದು ಇಟ್ಟುಬಿಡುವ ತುಂಟ ಹುಡುಗಿಯರು ಬರುತ್ತಾರೆ. ಪುಟ್ಟತಾಯಕ್ಕ ಎಲ್ಲಕ್ಕೂ "ನಮ್ದು" ಅನ್ನುತ್ತಾಳೆ. ಅಂದು, ಬಳೆ ಅಲುಗಾಡಿಸಿ, ಒಂದು ಗಳಿಗೆ ಕಾಯುತ್ತಾಳೆ. ಯಾವ ಊರಿನ ಯಾವ ತಂತಿಯಿಂದ ಬಂದೀತೋ ಯಾರಿಗೆ ಗೊತ್ತು ಅಂತ ಅವಳ ಆಸೆ. ನಮ್ಮೂರಿಗೆ ಬೇರೆ ಊರಿನ ತಂತಿಯೇ ಇಲ್ಲ ಅಂತ ಅವಳಿಗೆ ಹೇಳುವ ಬಾಯಿ ಈ ಬೀದಿಯಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.

ರಾಚಪ್ಪಣ್ಣ ಈಗ ಸಂಜೆ ಜಗಲಿಗೆ ಹೋಗುವುದಿಲ್ಲ. ಮೊನ್ನೆ ನಾನು ಕುಪ್ಪಸ ಕೊಡಲು ಹೋದಾಗ ಪುಟ್ಟತಾಯಕ್ಕ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ದೀಪದ ಹೊತ್ತು. ಪೆಟ್ಟಿಗೆಯಲ್ಲಿ ಯಾರೋ ಉಸಿರಾಡಿದ ಸದ್ದಾಯಿತು, ಹೆಸರಿಲ್ಲ, ಮಾತಿಲ್ಲ. ರಾಚಪ್ಪಣ್ಣ ದಡಕ್ಕನೆ ಎದ್ದ. ಎರಡು ಕೈಯಿಂದಲೂ ಪೆಟ್ಟಿಗೆ ಹಿಡಿದು, "ನಮ್ದು" ಅಂದ. ಆ ಮನುಷ್ಯನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಆ ಕಡೆಯಿಂದ ಹಿಟ್ಟಿನ ಗಿರಣಿಯ ಹುಡುಗ, "ಅಯ್ಯೋ, ತಪ್ಪಾಯ್ತು ಯಜಮಾನ್ರೇ. ಹೆಸ್ರು ಹೇಳೋದು ಮರ್ತ್ಬಿಟ್ಟೆ" ಅಂದ. ರಾಚಪ್ಪಣ್ಣ ಹಣೆಯನ್ನು ಪೆಟ್ಟಿಗೆಗೆ ಒತ್ತಿಕೊಂಡ. ಆಮೇಲೆ ಅಂದ, "ಪರವಾಗಿಲ್ಲಪ್ಪಾ. ನಮ್ದೇ."